ನಾಯಿಮರಿ ಕೊಳ್ಳುವಾಗ ಬ್ರೀಡರ್ ಮಾತನ್ನು ಎಷ್ಟು ನಂಬಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬಂದ ಮೊದಲ ಲ್ಯಾಬ್ರಡಾರ್ ಮರಿ ಒಂಬತ್ತು ದಿನ ಬದುಕಿತ್ತು. ತುಮಕೂರು ರಸ್ತೆಯ ಒಂದು ಪೆಟ್ರೋಲ್ ಬಂಕ್ ಪಕ್ಕ ನಿಂತು ಅದನ್ನು ಕೈಗೆ ತೆಗೆದುಕೊಂಡಿದ್ದೆ. "ನಲವತ್ತೈದು ದಿನ ಆಗಿದೆ ಸರ್, ಇಂಜೆಕ್ಷನ್ ಎಲ್ಲ ಮುಗಿದಿದೆ, ಅಪ್ಪ ಚಾಂಪಿಯನ್." ಈ ಮೂರು ಮಾತಿನಲ್ಲಿ ಒಂದನ್ನೂ ನಾನು "ತೋರಿಸಿ" ಅಂತ ಕೇಳಲಿಲ್ಲ. ಅದಾದ ಮೇಲೆ ಮರಿ ನೋಡಲು ಹೊರಟ ಸ್ನೇಹಿತರು, ನೆಂಟರ ಜೊತೆ ತುಂಬಾ ಕಡೆ ಹೋಗಿದ್ದೇನೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಫೋನಿನಲ್ಲಿ ಮಾತಾಡುವಾಗಲೇ ಮೋಸ ಗೊತ್ತಾಗುತ್ತಾ?

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. "ಯಾವ ಬ್ರೀಡ್ ಬೇಕು ಹೇಳಿ, ಎಲ್ಲ ಇದೆ" ಅಂದರೆ ಅವರು ಬ್ರೀಡರ್ ಅಲ್ಲ, ಮಧ್ಯವರ್ತಿ. ಒಂದು ಮನೆಯಲ್ಲಿ ಲ್ಯಾಬ್, ಶಿಟ್ಜು, ಹಸ್ಕಿ, ರಾಟ್‌ವೀಲರ್, ಪಗ್ ಎಲ್ಲ ಒಟ್ಟಿಗೆ ಮರಿ ಹಾಕಿ ಕೂತಿರುವುದಿಲ್ಲ. ತಾಯಿಯ ವಯಸ್ಸೆಷ್ಟು, ಇದು ಎಷ್ಟನೇ ಸೂಲು, ಎಷ್ಟು ಮರಿ ಹುಟ್ಟಿದವು, ಎಷ್ಟು ಉಳಿದವು ಅಂತ ಕೇಳಿ. ರಾತ್ರಿಯಿಡೀ ಪಕ್ಕದಲ್ಲಿ ಕೂತು ಹೆರಿಗೆ ಮಾಡಿಸಿದವರು ತಡವರಿಸುವುದಿಲ್ಲ. ನೀವು ಸಾಕು ಅನ್ನುವ ತನಕ ಹೇಳುತ್ತಾರೆ. ಮಧ್ಯವರ್ತಿ ಮಾತ್ರ "ಅದೆಲ್ಲ ಬಿಡಿ ಸರ್, ಮರಿ ಕ್ವಾಲಿಟಿ ನೋಡಿ" ಅಂತಾರೆ.

"ತಾಯಿ ಫಾರ್ಮ್‌ನಲ್ಲಿದೆ, ಮರಿ ನಾವೇ ತಂದು ಕೊಡ್ತೀವಿ" ಅಂತಾರೆ. ಪರವಾಗಿಲ್ವಾ?

ಬೇಡ. ಬೇರೆ ಯಾವ ಮಾತಿಗೆ ಸೋತರೂ ಇದಕ್ಕೆ ಮಾತ್ರ ಸೋಲಬೇಡಿ. ಮರಿ ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆಗೇ ನೋಡಬೇಕು. ದಾರಿ ಮಧ್ಯೆ ಮರಿ ಕೊಡುವವರಿಗೆ ಆ ಜಾಗ ತೋರಿಸಲು ಏನೋ ತೊಂದರೆ ಇದೆ ಅಂತಲೇ ಅರ್ಥ. ಎರಡು ತಿಂಗಳಿಗೊಮ್ಮೆ ಮನೆ ಬದಲಿಸುವವರೂ ಇದ್ದಾರೆ.

ತಾಯಿ ಅಂತ ಬೇರೆ ಯಾವುದೋ ಹೆಣ್ಣು ನಾಯಿಯನ್ನು ತೋರಿಸುವವರೂ ಇದ್ದಾರೆ. ಹಾಗಾಗಿ ಹತ್ತಿರದಿಂದ ನೋಡಿ. ಹಾಲು ಕೊಡುತ್ತಿರುವ ನಾಯಿಯ ಮೊಲೆಗಳು ಜೋತು ಬಿದ್ದಿರುತ್ತವೆ, ಸುತ್ತ ಕೂದಲು ಸವೆದಿರುತ್ತದೆ, ಮರಿಗಳ ಉಗುರು ಗೀಚಿದ ಸಣ್ಣ ಗೆರೆಗಳು ಕಾಣುತ್ತವೆ. ಕೂದಲು ಉದುರಿ ಸೊರಗಿದ ಹಾಗೂ ಕಾಣಬಹುದು, ಅದು ಸಹಜ. ಮರಿಗಳನ್ನು ಬಿಡಲು ಹೇಳಿ. ನಿಜವಾದ ತಾಯಿಯಾದರೆ ಮರಿಗಳು ಹೊಟ್ಟೆಯ ಕೆಳಗೆ ನುಗ್ಗುತ್ತವೆ. ತಾಯಿ ಗುರ್ ಅಂದು ತಳ್ಳಬಹುದು, ಆದರೆ ಮೂಸಿ ನೋಡುತ್ತದೆ. ಮೈಯೆಲ್ಲ ಮಿರಮಿರ ಮಿಂಚುವ, ಹೊಟ್ಟೆ ಬಿಗಿಯಾಗಿರುವ, ಮರಿ ಕಂಡರೆ ದೂರ ಸರಿಯುವ ನಾಯಿಯನ್ನು ತೋರಿಸಿದರೆ ಅಲ್ಲಿಂದ ಹೊರಡಿ. ತಾಯಿಯ ಸ್ವಭಾವವೂ ಮುಖ್ಯ. ಮನುಷ್ಯರನ್ನು ಕಂಡು ಮೂಲೆಗೆ ಅಂಟಿಕೊಂಡು ನಡುಗುವ ನಾಯಿಯ ಮರಿ "ಮಕ್ಕಳ ಜೊತೆ ಸೂಪರ್" ಆಗುತ್ತೆ ಅಂತ ಯಾರು ಹೇಳಲು ಸಾಧ್ಯ?

ತಂದೆ ನಾಯಿ ಅಲ್ಲಿಲ್ಲದಿದ್ದರೆ ಅದು ಮೋಸವಲ್ಲ. ಒಳ್ಳೆ ಬ್ರೀಡರ್‌ಗಳು ಬೇರೆ ಊರಿಗೆ ಕರೆದುಕೊಂಡು ಹೋಗಿ ಜೋಡಿ ಮಾಡಿಸುತ್ತಾರೆ. ತಂದೆಯ ಫೋಟೋ, ಮಾಲೀಕರ ನಂಬರ್, ರಿಜಿಸ್ಟ್ರೇಷನ್ ಕಾಗದ ಇದ್ದರೆ ಸಾಕು.

45 ದಿನದ ಮರಿ ತಗೋಬಹುದಾ? ಎಲ್ಲರೂ ಅದನ್ನೇ ಕೊಡ್ತಾರಲ್ಲ?

ಎಲ್ಲರೂ ಕೊಡುತ್ತಾರೆ ನಿಜ. ಆದರೆ ಕೇಂದ್ರ ಸರ್ಕಾರದ 2017ರ ನಾಯಿ ಬ್ರೀಡಿಂಗ್ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂದರೆ 56 ದಿನ. ಐದರಿಂದ ಎಂಟು ವಾರದ ನಡುವೆ ಮರಿ ಒಡಹುಟ್ಟಿದವರ ಜೊತೆ ಕಚ್ಚಾಡುತ್ತಲೇ ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುತ್ತದೆ. ಆ ಪಾಠ ತಪ್ಪಿದ ಮರಿ ಮನೆ ಮಕ್ಕಳ ಕೈಕಾಲಿನ ಮೇಲೆ ಅದನ್ನು ಕಲಿಯುತ್ತದೆ.

ಇನ್ನೂ ಬೇಸರದ ವಿಷಯ ಅಂದ್ರೆ, 45 ಅನ್ನುವುದೂ ಎಷ್ಟೋ ಸಲ ಸುಳ್ಳು. ಮೂವತ್ತು ದಿನದ್ದನ್ನೇ ನಲವತ್ತೈದು ಅಂತಾರೆ. ಮರಿ ಎಷ್ಟು ಪುಟ್ಟದೋ ಅಷ್ಟು ಮುದ್ದು, ಅಷ್ಟು ಬೇಗ ಮಾರಾಟ. ಬಾಯಿ ತೆರೆದು ನೋಡಿ. ಎಂಟು ವಾರದ ಮರಿಗೆ 28 ಹಾಲುಹಲ್ಲು ಬಂದಿರುತ್ತವೆ. ಒಂದು ತಿಂಗಳ ಮರಿಗೆ ಹಿಂದಿನ ಹಲ್ಲುಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ನಡಿಗೆಯೂ ಹೇಳುತ್ತದೆ. ಎಂಟು ವಾರದ್ದು ಓಡುತ್ತದೆ, ಚಪ್ಪಲಿ ಎಳೆಯುತ್ತದೆ. ಒಂದು ತಿಂಗಳದ್ದು ಹಿಂಗಾಲು ಅಗಲಿಸಿ ತೂರಾಡುತ್ತದೆ, ಎರಡು ನಿಮಿಷಕ್ಕೆ ನಿದ್ದೆ ಹೋಗುತ್ತದೆ. "ತುಂಬಾ ಸೈಲೆಂಟ್ ಮರಿ ಮೇಡಂ" ಅಂತ ಅದನ್ನೇ ಗುಣ ಮಾಡಿ ಹೇಳುತ್ತಾರೆ. ಹೊಟ್ಟೆ ಮಾತ್ರ ಡೋಲಿನ ಹಾಗೆ ಉಬ್ಬಿ ಪಕ್ಕೆಲುಬು ಕೈಗೆ ಸಿಕ್ಕರೆ, ಅದು "ಚೆನ್ನಾಗಿ ತಿಂದಿದೆ" ಅಲ್ಲ, ಜಂತುಹುಳ ಇರಬಹುದು.

"ಎಲ್ಲ ಇಂಜೆಕ್ಷನ್ ಆಗಿದೆ" ಅಂತ ಕಾರ್ಡ್ ಕೊಟ್ಟರು. ಅದನ್ನು ಹೇಗೆ ನೋಡಬೇಕು?

ನನ್ನ ಮರಿಗೂ ಕಾರ್ಡ್ ಇತ್ತು. ನೀಲಿ ಬಣ್ಣದ್ದು, ಮೇಲೆ ನಾಯಿಯ ಚಿತ್ರ. ಒಳಗೆ ಮೂರು ದಿನಾಂಕ, ಒಂದೇ ಪೆನ್ನು, ಒಂದೇ ಕೈಬರಹ, ಪಕ್ಕದಲ್ಲಿ ಒಂದು ಗೀಚು ಸಹಿ. ಆಗ ನನಗೆ ಅದು ದೊಡ್ಡ ದಾಖಲೆಯ ಹಾಗೆ ಕಂಡಿತ್ತು. ಐದನೇ ದಿನ ಮರಿ ಊಟ ಬಿಟ್ಟಿತು. ಸಂಜೆಗೆ ನೊರೆ ನೊರೆ ವಾಂತಿ, ರಾತ್ರಿಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಕಂಡವರು ಮರೆಯುವುದಿಲ್ಲ. ಡಾಕ್ಟರ್ ಕಾರ್ಡ್ ತಿರುಗಿಸಿ ನೋಡಿ, "ಇದರಲ್ಲಿ ಲಸಿಕೆ ಹಾಕಿದ ಗುರುತೇ ಇಲ್ವಲ್ಲ" ಅಂದರು. ನಾಲ್ಕು ದಿನ ಡ್ರಿಪ್ ಹಾಕಿಸಿದೆವು. ಪಾರ್ವೊ, ಅಂದರೆ ಮರಿಗಳ ಕರುಳಿಗೆ ತಗಲುವ ವೈರಸ್ ಕಾಯಿಲೆ, ಬಿಡಲಿಲ್ಲ.

ಖಾಲಿ ಕಾರ್ಡು ಯಾರಿಗೆ ಬೇಕಾದರೂ ಸಿಗುತ್ತದೆ. ಕಾರ್ಡಿಗೆ ಬೆಲೆ ಬರುವುದು ಅದರೊಳಗಿನ ಸ್ಟಿಕ್ಕರ್‌ನಿಂದ. ಲಸಿಕೆ ಸೀಸೆಯ ಮೇಲಿನ ಚಿಕ್ಕ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಲಸಿಕೆ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತದೆ. ಪಕ್ಕದಲ್ಲಿ ಪಶುವೈದ್ಯರ ಸಹಿ, ಸೀಲು, ವೆಟರ್ನರಿ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ಆ ಡಾಕ್ಟರ್‌ಗೆ ಅಲ್ಲೇ ನಿಂತು ಒಂದು ಫೋನ್ ಮಾಡಿ. ಇದರಿಂದ ಬೇಜಾರಾಗುವ ಬ್ರೀಡರ್ ಹತ್ತಿರ ಕೊಳ್ಳಬೇಡಿ.

ಇನ್ನೊಂದು ವಿಷಯ. ಎರಡು ತಿಂಗಳ ಮರಿಗೆ "ಎಲ್ಲ ಇಂಜೆಕ್ಷನ್" ಆಗಿರಲು ಸಾಧ್ಯವೇ ಇಲ್ಲ. ಮೊದಲ ಡೋಸ್ ಆರರಿಂದ ಎಂಟು ವಾರಕ್ಕೆ. ಆಮೇಲೆ ಕೆಲವು ವಾರಗಳಿಗೊಮ್ಮೆ ಬೂಸ್ಟರ್. ಕೊನೆಯದು ಹದಿನಾರು ವಾರ ತುಂಬಿದ ಮೇಲೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಹಾಗಾಗಿ 45 ದಿನದ ಮರಿಯ ಕಾರ್ಡಿನಲ್ಲಿ ರೇಬಿಸ್ ಅಂತ ಬರೆದಿದ್ದರೆ ಆ ಕಾರ್ಡನ್ನೇ ನಂಬಬೇಡಿ.

ಎರಡು ದಿನದ ಗ್ಯಾರಂಟಿ ಕೊಡ್ತಾರೆ, ಮರಿ ಸತ್ತರೆ ಬೇರೆ ಮರಿ ಕೊಡ್ತಾರಂತೆ. ಒಳ್ಳೇದಲ್ವಾ?

ಪಾರ್ವೊ ವೈರಸ್ ಮೈಗೆ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ಕಾಯಿಲೆಗೆ ವಾರಗಳೇ ಹಿಡಿಯಬಹುದು. ಎರಡು ದಿನದ ಗ್ಯಾರಂಟಿ ಮುಗಿದ ಮೇಲೆಯೇ ಕಾಯಿಲೆ ಹೊರಗೆ ಬರುತ್ತದೆ. ಕನಿಷ್ಠ ಎರಡು ವಾರ ಅಂತ ಬರೆಸಿಕೊಳ್ಳಿ.

ಇನ್ನು ಬದಲಿ ಮರಿ. ನನಗೂ ಕೊಡಲು ಬಂದಿದ್ದರು. ಪುಣ್ಯಕ್ಕೆ ಡಾಕ್ಟರ್ ತಡೆದರು. ಪಾರ್ವೊ ವೈರಸ್ ನೆಲದಲ್ಲಿ, ಚಾಪೆಯಲ್ಲಿ, ಹಿತ್ತಲ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದೇ ಮನೆಗೆ ಲಸಿಕೆ ಮುಗಿಯದ ಇನ್ನೊಂದು ಮರಿ ತಂದರೆ ಅದನ್ನೂ ಕಳೆದುಕೊಳ್ಳುತ್ತೇವೆ. ಬ್ಲೀಚ್ ಹಾಕಿ ತೊಳೆದು, ತಿಂಗಳುಗಟ್ಟಲೆ ಕಾದು, ಡಾಕ್ಟರ್ ಸರಿ ಅಂದ ಮೇಲೆ ಮಾತ್ರ ತರಬೇಕು. ಗ್ಯಾರಂಟಿ ಕಾಗದದಲ್ಲಿ "ಬದಲಿ ಮರಿ" ಮಾತ್ರ ಇದ್ದರೆ, "ಚಿಕಿತ್ಸೆ ಖರ್ಚು ಅಥವಾ ಹಣ ವಾಪಸ್" ಅಂತ ತಿದ್ದಿಸಿ.

"ಹಿಪ್ ಗ್ಯಾರಂಟಿ" ಅಂತ ಜರ್ಮನ್ ಶೆಫರ್ಡ್, ಲ್ಯಾಬ್ ಮಾರುವವರು ಹೇಳುತ್ತಾರೆ. ಮರಿಯ ಸೊಂಟದ ಕೀಲು ಮುಂದೆ ಹೇಗಾಗುತ್ತದೆ ಅಂತ ಎರಡು ತಿಂಗಳಿಗೆ ಯಾರೂ ಹೇಳಲಾರರು. ಕೇಳಬೇಕಾದದ್ದು ತಂದೆ ತಾಯಿಯ ಹಿಪ್ ಎಕ್ಸ್‌ರೇ.

"ಪೇಪರ್ ಜೊತೆ ಇಷ್ಟು, ಪೇಪರ್ ಇಲ್ಲದೆ ಇಷ್ಟು" ಅಂತ ಎರಡು ರೇಟ್ ಹೇಳ್ತಾರೆ. ಏನಿದು?

ಪೇಪರ್ ಅಂದರೆ ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ ಕೊಡುವ ರಿಜಿಸ್ಟ್ರೇಷನ್. ತಂದೆ ತಾಯಿ ಇಬ್ಬರೂ ರಿಜಿಸ್ಟರ್ ಆಗಿದ್ದರೆ ಅವರ ಮರಿಗಳನ್ನು ಬ್ರೀಡರ್ ದಾಖಲು ಮಾಡಿಸುತ್ತಾರೆ. ಅದರ ಶುಲ್ಕ ನಿಮಗೆ ಹೇಳುವ ಎರಡು ರೇಟ್‌ಗಳ ವ್ಯತ್ಯಾಸದ ಹತ್ತಿರಕ್ಕೂ ಬರುವುದಿಲ್ಲ. ನಿಜವಾಗಿ ಪೇಪರ್ ಇರುವ ನಾಯಿಯ ಮರಿಯನ್ನು ಪೇಪರ್ ಇಲ್ಲದೆ ಮಾರಲು ಕಾರಣವೇನು? ಬಹಳ ಸಲ ಕಾರಣ ಇಷ್ಟೇ: ಪೇಪರ್ ಇಲ್ಲವೇ ಇಲ್ಲ. ಇಲ್ಲವೇ, ಬೇರೆ ಮರಿಯ ಪೇಪರನ್ನು ನಿಮಗೆ ಅಂಟಿಸುತ್ತಾರೆ.

"ಪೇಪರ್ ಆಮೇಲೆ ಬರುತ್ತೆ" ಅನ್ನುವುದು ಮಾತ್ರ ಯಾವಾಗಲೂ ಸುಳ್ಳಲ್ಲ. ಸರ್ಟಿಫಿಕೇಟ್ ಬರಲು ಸಮಯ ಹಿಡಿಯುತ್ತದೆ. ಆದರೆ ತಾಯಿಯ ಸರ್ಟಿಫಿಕೇಟ್ ಇವತ್ತೇ ಇರಬೇಕಲ್ಲ? ಅದನ್ನು ತೋರಿಸಲು ಹೇಳಿ. ಅದರಲ್ಲಿ ಮೈಕ್ರೋಚಿಪ್ ನಂಬರ್ ಇದ್ದರೆ, ಸ್ಕ್ಯಾನರ್ ತರಿಸಿ ಎದುರಿಗಿರುವ ತಾಯಿಯ ಕುತ್ತಿಗೆ ಹಿಂದೆ ಹಿಡಿಸಿ. ಹದಿನೈದು ಅಂಕಿ ಬರುತ್ತದೆ. ಎರಡೂ ಒಂದೇ ಆದರೆ ಸರಿ. ಮರಿಗೂ ಇದೇ ಪರೀಕ್ಷೆ.

ಅಂದ ಹಾಗೆ, "ಚಿಪ್ ಹಾಕಿದ್ದೀವಿ, ಕಳೆದುಹೋದ್ರೆ ಮೊಬೈಲ್‌ನಲ್ಲಿ ಎಲ್ಲಿದೆ ಅಂತ ಕಾಣುತ್ತೆ" ಅಂತ ಒಬ್ಬರು ನನ್ನ ಅತ್ತಿಗೆಗೆ ಹೇಳಿದ್ದರು. ಅಕ್ಕಿಕಾಳಿನಷ್ಟಿರುವ ಆ ಚಿಪ್‌ನಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ನಂಬರ್ ಹೇಳುತ್ತದೆ, ಅಷ್ಟೇ.

ಪೇಪರ್ ಇದ್ದ ಮಾತ್ರಕ್ಕೆ ಮರಿ ಆರೋಗ್ಯವಾಗಿದೆ ಅಂತಲೂ ಅಲ್ಲ. ಅದು ಹೇಳುವುದು ವಂಶ ಮಾತ್ರ. ಅದೂ ಬ್ರೀಡರ್ ಪ್ರಾಮಾಣಿಕವಾಗಿ ಬರೆಸಿದ್ದರೆ.

ಚಾಂಪಿಯನ್ ಲೈನ್, ಇಂಪೋರ್ಟೆಡ್ ಲೈನ್ ಅಂದರೆ?

ಮುತ್ತಜ್ಜ ಒಬ್ಬ ಚಾಂಪಿಯನ್ ಆಗಿದ್ದರೂ ಚಾಂಪಿಯನ್ ಲೈನ್ ಅಂತಾರೆ. ಮರಿಗೆ ಅಂಥ ಮುತ್ತಜ್ಜ, ಮುತ್ತಜ್ಜಿಯರು ಒಟ್ಟು ಎಂಟು ಜನ. ಅವನ ಪಾಲು ಎಂಟರಲ್ಲಿ ಒಂದು, ಅಷ್ಟೇ. ಯಾವ ನಾಯಿ, ಯಾವ ಶೋ, ಯಾವ ವರ್ಷ ಅಂತ ಕೇಳಿ. ಹೊರದೇಶದಿಂದ ಬಂದ ನಾಯಿಯಾದರೆ ಆ ದೇಶದ ಕ್ಲಬ್ ಕೊಟ್ಟ ಎಕ್ಸ್‌ಪೋರ್ಟ್ ಪೆಡಿಗ್ರಿ ಅನ್ನುವ ವಂಶಾವಳಿ ಪತ್ರ, ಇಲ್ಲಿಗೆ ಬಂದಾಗಿನ ಕ್ವಾರಂಟೈನ್ ಇಲಾಖೆಯ ಎನ್‌ಒಸಿ ಎರಡೂ ಇರುತ್ತವೆ. ಟ್ರೋಫಿ ಜೊತೆಗಿನ ವಾಟ್ಸಾಪ್ ಫೋಟೋ ದಾಖಲೆ ಅಲ್ಲ.

ನಾಯಿ ಬೆಲೆಯ ಕಥೆಗಳು ಎಷ್ಟು ಉಬ್ಬುತ್ತವೆ ಅನ್ನುವುದಕ್ಕೆ ನಮ್ಮ ಬೆಂಗಳೂರಿನದ್ದೇ ಉದಾಹರಣೆ ಇದೆ. 2025ರಲ್ಲಿ 50 ಕೋಟಿ ರೂಪಾಯಿಯ ತೋಳನಾಯಿ ಅಂತ ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಇ.ಡಿ. ಅಧಿಕಾರಿಗಳು ಮನೆಗೆ ಹೋಗಿ ವಿಚಾರಿಸಿದ ಮೇಲೆ ಆ ಮಾತು ನಿಜವಲ್ಲ ಅಂತ ಪತ್ರಿಕೆಗಳಲ್ಲಿ ಬಂತು.

ಡಬಲ್ ಬೋನ್, ಡಬಲ್ ಕೋಟ್, ಟೀಕಪ್... ಇವೆಲ್ಲ ಏನು?

ಹೆಚ್ಚಿನವು ಮಾರಾಟದ ಪದಗಳು. ನಾಯಿಗೆ ಡಬಲ್ ಮೂಳೆ ಅಂತ ಇರುವುದಿಲ್ಲ. ದಪ್ಪ ಕಾಲಿನ ಮರಿಗೆ ಹಾಗಂತಾರೆ, ಜೊತೆಗೆ ರೇಟೂ ಏರಿಸುತ್ತಾರೆ. ಜರ್ಮನ್ ಶೆಫರ್ಡ್‌ಗಳಿಗೆಲ್ಲ ಸಾಮಾನ್ಯವಾಗಿ ಎರಡು ಪದರ ಕೂದಲು ಇರುತ್ತದೆ. ಉದ್ದ ಕೂದಲಿನದ್ದಕ್ಕೆ ಮಾತ್ರ "ಡಬಲ್ ಕೋಟ್" ಅಂತ ಹೆಸರಿಟ್ಟು ಬೇರೆ ಬೆಲೆ ಹೇಳುವುದು ನಮ್ಮ ಮಾರುಕಟ್ಟೆಯ ರೂಢಿ.

ಟೀಕಪ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಟೀಕಪ್ ಅನ್ನುವ ತಳಿಯನ್ನು ಕೆಸಿಐ ಸೇರಿ ಯಾವ ದೊಡ್ಡ ಕೆನಲ್ ಕ್ಲಬ್ಬೂ ಒಪ್ಪಿಲ್ಲ. ಸೂಲಿನಲ್ಲಿ ಬೆಳೆಯದೆ ಉಳಿದ ಸಣಕಲು ಮರಿಯನ್ನೋ, ವಯಸ್ಸು ಮುಚ್ಚಿಟ್ಟ ಎಳೆ ಮರಿಯನ್ನೋ ಹಾಗೆ ಮಾರುತ್ತಾರೆ. ಅಷ್ಟು ಚಿಕ್ಕ ಮರಿ ಒಂದು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ಕುಸಿದು ಬೀಳಬಹುದು. ನಮ್ಮಲ್ಲಿ ಪಾಮೇರಿಯನ್ ಅಂತ ಮಾರುವ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಅದು ಒಳ್ಳೆಯ, ನಮ್ಮ ಹವೆಗೆ ಒಗ್ಗಿದ ನಾಯಿ. ಪಾಮೇರಿಯನ್ ಬೆಲೆಗೆ ಕೊಳ್ಳಬೇಡಿ, ಅಷ್ಟೇ.

ಅಪರೂಪದ ಬಣ್ಣ ಅಂತ ಜಾಸ್ತಿ ಕೇಳ್ತಾರೆ. ಕೊಡಬಹುದಾ?

ಕೊಡಬೇಡಿ. ಲ್ಯಾಬ್‌ಗೆ ಒಪ್ಪಿತ ಬಣ್ಣ ಮೂರೇ: ಕಪ್ಪು, ಹಳದಿ, ಚಾಕೊಲೇಟ್. ಚುಕ್ಕೆ ಚುಕ್ಕೆ ಮೆರ್ಲ್ ಬಣ್ಣದ ಎರಡು ನಾಯಿಗಳನ್ನು ಜೋಡಿ ಮಾಡಿದರೆ ಕೆಲವು ಮರಿಗಳು ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ. ಆ ಮರಿಗಳನ್ನು ಯಾರೂ ಜಾಹೀರಾತಿನಲ್ಲಿ ತೋರಿಸುವುದಿಲ್ಲ.

"ಹಸ್ಕಿ ನಮ್ಮ ಬಿಸಿಲಿಗೆ ಒಗ್ಗುತ್ತೆ", "ಈ ನಾಯಿ ಕೂದಲು ಉದುರಲ್ಲ" ಅಂತಾರೆ. ನಿಜಾನಾ?

ಇಲ್ಲೇ ಹುಟ್ಟಿದ ಮಾತ್ರಕ್ಕೆ ಹಸ್ಕಿಯ ಮೈಕೂದಲು ಬದಲಾಗುವುದಿಲ್ಲ. ಬೆಂಗಳೂರಿನಲ್ಲೇ ಏಪ್ರಿಲ್ ಮಧ್ಯಾಹ್ನ ಅದು ಬಾತ್‌ರೂಮಿನ ತಣ್ಣನೆ ನೆಲ ಹುಡುಕಿಕೊಂಡು ಮಲಗುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಅದರ ಗತಿ ಏನು ಯೋಚಿಸಿ. ಇನ್ನು ಕೂದಲು: ಗೋಲ್ಡನ್, ಲ್ಯಾಬ್, ಹಸ್ಕಿ ಎಲ್ಲ ಧಾರಾಳವಾಗಿ ಉದುರಿಸುತ್ತವೆ. ಶಿಟ್ಜು ಕಡಿಮೆ ಉದುರಿಸುತ್ತದೆ, ಆದರೆ ದಿನಾ ಬಾಚಬೇಕು. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ, ಅಲರ್ಜಿ ಬರಿಸದ ನಾಯಿ ಅಂತ ಯಾವುದೂ ಇಲ್ಲ. ಅಲರ್ಜಿ ತರುವ ಅಂಶ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಆ ತಳಿಯ ಬೆಳೆದ ನಾಯಿಯ ಜೊತೆ ಕೆಲವು ಗಂಟೆ ಕಳೆದು ನೋಡಿ, ಆಮೇಲೆ ನಿರ್ಧರಿಸಿ.

ಮುಧೋಳ ನಾಯಿ ಕೊಳ್ಳುವಾಗಲೂ ಮೋಸ ಇದೆಯಾ?

ಇದೆ, ಈಚೆಗೆ ಜಾಸ್ತಿಯೇ ಆಗಿದೆ. ಹಿತ್ತಲ ಗಿಡ ಮದ್ದಲ್ಲ ಅಂತ ಮೊದಲು ಯಾರೂ ಕೇಳುತ್ತಿರಲಿಲ್ಲ. ಸೈನ್ಯ ಮುಧೋಳ ನಾಯಿಗಳನ್ನು ತರಬೇತಿಗೆ ಒಯ್ದ ಮೇಲೆ ಬೇಡಿಕೆ ಬಂತು. ಬೇಡಿಕೆ ಹಿಂದೆಯೇ ಕ್ರಾಸ್ ಮರಿಗಳೂ ಬಂದವು. ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಕೊಳ್ಳುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ದೊಡ್ಡ ನಾಯಿಗಳನ್ನು ಕಣ್ಣಾರೆ ನೋಡಿ ಬನ್ನಿ: ಉದ್ದ ಕಿರಿದಾದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ. ಹಾಗೇ "ಗೇಟಿಗೆ ಕಟ್ಟಿಹಾಕಿ, ಮನೆ ಕಾಯುತ್ತೆ" ಅನ್ನುವ ಮಾತು ನಂಬಬೇಡಿ. ಇದು ಕಣ್ಣಲ್ಲಿ ಬೇಟೆ ಹುಡುಕಿ ಓಡುವ ನಾಯಿ. ಸರಪಳಿಯಲ್ಲಿ ಕಟ್ಟಿದರೆ ಕೊರಗುತ್ತದೆ.

"ಈ ಬ್ರೀಡ್ ಬ್ಯಾನ್ ಆಗುತ್ತೆ, ಈಗಲೇ ತಗೊಳ್ಳಿ" ಅಂತ ಅವಸರ ಮಾಡ್ತಾರೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ನಿಷೇಧಕ್ಕೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಭಯವನ್ನೇ ಬಂಡವಾಳ ಮಾಡಿಕೊಂಡು ಇನ್ನೂ ಮಾರುತ್ತಾರೆ. ಕಾರಣ ಬ್ಯಾನ್ ಇರಲಿ, "ಇನ್ನೊಬ್ಬರು ಅಡ್ವಾನ್ಸ್ ಕೊಡಲು ದಾರಿಯಲ್ಲಿದ್ದಾರೆ" ಇರಲಿ, ಅವಸರ ಮಾಡಿದರೆ ಆ ಮರಿ ಬಿಟ್ಟುಬಿಡಿ.

ಆನ್‌ಲೈನ್‌ನಲ್ಲಿ ಅಡ್ವಾನ್ಸ್ ಕೇಳ್ತಿದ್ದಾರೆ. ಕೊಡಲಾ?

ಮರಿಯನ್ನು ಮುಟ್ಟಿ ನೋಡುವ ತನಕ ಒಂದು ರೂಪಾಯಿ ಕೊಡಬೇಡಿ. ಬೇರೆ ಊರಿನ ನಂಬರ್, ಅರ್ಧ ಬೆಲೆ, ಮುದ್ದಾದ ವಿಡಿಯೋ. ಅಡ್ವಾನ್ಸ್ ಕೊಟ್ಟ ಮೇಲೆ "ಮರಿ ಏರ್‌ಪೋರ್ಟಿನಲ್ಲಿದೆ, ಕ್ರೇಟ್ ಚಾರ್ಜ್ ಕಟ್ಟಿ", ಆಮೇಲೆ "ಇನ್ಶೂರೆನ್ಸ್ ಕಟ್ಟಿ, ಅದು ವಾಪಸ್ ಬರುತ್ತೆ". ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. "ಉಚಿತ ಅಡಾಪ್ಷನ್, ಸಾಗಣೆ ಖರ್ಚು ಮಾತ್ರ" ಅನ್ನುವುದೂ ಎಷ್ಟೋ ಸಲ ಇದೇ ಜಾಲ. ವಿಡಿಯೋ ಕಾಲ್ ಮಾಡಿ, ಮರಿಯ ಪಕ್ಕ ಒಂದು ಚೀಟಿಯಲ್ಲಿ ನಿಮ್ಮ ಹೆಸರು ಬರೆದು ಹಿಡಿಯಲು ಹೇಳಿ. ನುಣುಚಿಕೊಂಡರೆ ಅಲ್ಲಿಗೆ ಬಿಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬ್ರೀಡರ್‌ಗೆ ಲೈಸೆನ್ಸ್ ಇರಬೇಕಾ?

ಇರಬೇಕು. 2017ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಅದರ ಪತ್ರ ಕಾಣುವ ಹಾಗೆ ಹಾಕಿರಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬದೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಅದಕ್ಕೇ ಫೋನಿನಲ್ಲಿ ಎಷ್ಟನೇ ಸೂಲು ಅಂತ ಕೇಳಲು ಹೇಳಿದ್ದು. ಕೆಸಿಐ ಸದಸ್ಯತ್ವ ಈ ನೋಂದಣಿಗೆ ಬದಲಿ ಅಲ್ಲ.

ಹಾಗಾದ್ರೆ ಒಳ್ಳೆ ಬ್ರೀಡರ್ ಇಲ್ವೇ ಇಲ್ವಾ?

ಇದ್ದಾರೆ. ನಮ್ಮ ಈಗಿನ ನಾಯಿ ಅಂಥವರಿಂದಲೇ ಬಂದದ್ದು. ನಾನು ಕೇಳಿದ್ದಕ್ಕಿಂತ ಅವರು ನನ್ನನ್ನು ಕೇಳಿದ್ದೇ ಜಾಸ್ತಿ. ಸ್ವಂತ ಮನೆಯಾ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಮೊದಲ ಮರಿ ಹೇಗೆ ಹೋಯಿತು, ಊರಿಗೆ ಹೋದರೆ ನಾಯಿ ಯಾರ ಹತ್ತಿರ? ಮೊದಲ ಸಲ ಹೋದಾಗ ಮರಿ ಕೊಡಲೂ ಇಲ್ಲ. "ಮುಂದಿನ ವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬನ್ನಿ" ಅಂದರು. ಒಂದು ಮರಿಗೆ ಹೊಕ್ಕುಳ ಬಳಿ ಸಣ್ಣ ಹರ್ನಿಯಾ ಇದೆ ಅಂತ ನಾವು ಕೇಳುವ ಮೊದಲೇ ತೋರಿಸಿದರು. ಸಾಕಲು ಆಗದಿದ್ದರೆ ಯಾವ ವಯಸ್ಸಿನಲ್ಲಾದರೂ ವಾಪಸ್ ತಂದುಬಿಡಿ, ಬೀದಿಗೆ ಬಿಡಬೇಡಿ ಅಂತ ಬರೆಸಿಕೊಂಡರು. ಕೆಟ್ಟದ್ದನ್ನು ತಾವಾಗಿಯೇ ಹೇಳುವವರ ಒಳ್ಳೆ ಮಾತನ್ನು ನಂಬಬಹುದು ಅಂತ ನನಗೆ ಅನಿಸುವುದು ಇದಕ್ಕೇ.

ಮರಿ ಸೊರಗಿದೆ, ಅಲ್ಲಿ ಬಿಟ್ಟು ಬರಲು ಮನಸ್ಸಿಲ್ಲ. ಪಾಪ ಅಂತ ಕೊಂಡರೆ?

ಈ ಪ್ರಶ್ನೆ ಕೇಳುವವರ ಮನಸ್ಸು ನನಗೆ ಅರ್ಥವಾಗುತ್ತದೆ. ನಾನೂ ಹಾಗೇ ಕೊಂಡೆ. ಆದರೆ ನೀವು ಕೊಟ್ಟ ದುಡ್ಡಿನಿಂದ ಆ ಬೋನಿನೊಳಗಿನ ತಾಯಿಗೆ ಇನ್ನೊಂದು ಸೂಲು ಖಾತ್ರಿಯಾಗುತ್ತದೆ. ಫೋಟೋ, ವಿಡಿಯೋ ತೆಗೆದುಕೊಳ್ಳಿ. ಸ್ಥಳೀಯ ಪ್ರಾಣಿ ಕಲ್ಯಾಣ ಸಂಸ್ಥೆಗೆ, ಪಶುಪಾಲನಾ ಇಲಾಖೆಗೆ, ಪೊಲೀಸರಿಗೆ ದೂರು ಕೊಡಿ. ಆ ತಾಯಿ ಹೊರಗೆ ಬರುವ ದಾರಿ ಅದೇ.

ಈಗಾಗಲೇ ಮೋಸ ಹೋಗಿದ್ದೇನೆ. ಏನು ಮಾಡಲಿ?

ಮೊದಲು ಮರಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಿನ ಅಂದಾಜು, ರೋಗ, ಚಿಪ್ ಇದೆಯೋ ಇಲ್ಲವೋ ಎಲ್ಲವನ್ನೂ ದಿನಾಂಕದ ಜೊತೆ ಬರೆಸಿಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಯುಪಿಐ ರಸೀದಿ ಅಳಿಸಬೇಡಿ. ನಗದು ಕೊಟ್ಟಿದ್ದರೆ "ಇಷ್ಟು ಕೊಟ್ಟೆ, ಇಂಥ ಮರಿಗೆ" ಅಂತ ಅವರಿಗೊಂದು ಮೆಸೇಜ್ ಕಳಿಸಿ, ಉತ್ತರ ಬರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವೂ ಅಲ್ಲ.

ನಾನು ದೂರು ಕೊಡಲು ಹೋದಾಗ ಕೈಯಲ್ಲಿದ್ದದ್ದು ಆ ನೀಲಿ ಕಾರ್ಡ್ ಮಾತ್ರ. ರಸೀದಿ ಇರಲಿಲ್ಲ, ವಿಳಾಸ ಇರಲಿಲ್ಲ, ಫೋನ್ ನಂಬರ್ ಸ್ವಿಚ್ ಆಫ್ ಆಗಿತ್ತು.